ಮತದಾರತ್ವ–ನಿವಾಸಿತ್ವ ವಿವೇಕ

ಮತದಾರನ ಮಾಹಿತಿಯೂ ಸ್ಥಳೀಯಾಡಳಿತದ ಸೇವೆಯೂ ಇಂದು ಒಂದೇ ಮೊಬೈಲಿನಲ್ಲಿ ದೊರೆಯುತ್ತವೆ. ಸಾಧನವು ಏಕವಾದ ಮಾತ್ರಕ್ಕೆ ವಿಷಯವೂ ಏಕವೆಂಬ ಭ್ರಾಂತಿ ಇದರಿಂದ ಹುಟ್ಟಿದೆ. ಆದುದರಿಂದ ಇವೆರಡರ ಲಕ್ಷಣ, ಪ್ರಭೇದ, ಸೀಮೆಗಳ ವಿಚಾರ ಪ್ರಾಪ್ತವಾಗುತ್ತದೆ. ತುಮಕೂರು ತಾಲ್ಲೂಕಿನ ಕೋರ ಹೋಬಳಿಯನ್ನು ಇಲ್ಲಿ ಉದಾಹರಣೆಯಾಗಿ ಸ್ವೀಕರಿಸಲಾಗಿದೆ. ಅಲ್ಲಿ ಸೀಮಾಭೇದವು ಸ್ಫುಟವಾಗಿದೆ.

ಶಾಸನಬದ್ಧ ಮತದಾರರ ಪಟ್ಟಿಯಲ್ಲಿ ಸಿದ್ಧವಾಗಿರುವ ನಮೂದನ್ನು ಜಾಲದ ಮೂಲಕ ತಿಳಿಯಪಡಿಸುವುದು ಮತದಾರ ಮಾಹಿತಿಯ ಲಕ್ಷಣ. 'ಸಿದ್ಧವಾಗಿರುವ' ಎಂಬ ವಿಶೇಷಣ ವ್ಯರ್ಥವಲ್ಲ. ಅದನ್ನು ಕೈಬಿಟ್ಟರೆ, ಹೊಸ ಸೇರ್ಪಡೆಗೆ ನಮೂನೆ 6ನ್ನು ಸಲ್ಲಿಸಿದಾಗ ಬರುವ ಉಲ್ಲೇಖ ಸಂಖ್ಯೆಯೂ ಮತದಾರ ಮಾಹಿತಿಯೇ ಆಗಿ ಅತಿವ್ಯಾಪ್ತಿದೋಷ ಬರುತ್ತದೆ. ಆ ಸಂಖ್ಯೆ ತಿಳಿಸುವುದು ಅರ್ಜಿಯ ಸ್ಥಿತಿಯನ್ನು, ಮತದಾರತ್ವವನ್ನಲ್ಲ. ವ್ಯಕ್ತಿಯ ಕೋರಿಕೆಯ ಮೇಲೆ ಸಕ್ಷಮ ಸ್ಥಳೀಯಾಧಿಕಾರಿಯು ದಾಖಲೆಯನ್ನಾಗಲಿ ಸೌಲಭ್ಯವನ್ನಾಗಲಿ ಒದಗಿಸುವುದು ಸೇವೆಯ ಲಕ್ಷಣ.

ಮತದಾರ ಮಾಹಿತಿ ದ್ವಿವಿಧ: ಹೆಸರು ಉಂಟೋ ಇಲ್ಲವೋ ಎಂಬ ಅಸ್ತಿತ್ವವಿಷಯಕ; ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಯಾವುದೆಂಬ ಸ್ಥಾನವಿಷಯಕ. ಸೇವೆಯು ಆಶ್ರಯಭೇದದಿಂದ ಬಹುವಿಧ. ಇ-ಸ್ವತ್ತಿನ ನಮೂನೆ 9 ಮತ್ತು 11 ಗ್ರಾಮ ಪಂಚಾಯಿತಿಯವು. ಜಾತಿ, ಆದಾಯದ ಪ್ರಮಾಣಪತ್ರಗಳಿಗೆ ದ್ವಾರ ನಾಡಕಚೇರಿ. ಪಹಣಿ ಭೂಮಿ ವ್ಯವಸ್ಥೆಯದು.

ಇಲ್ಲಿ ಪೂರ್ವಪಕ್ಷ: ಜನ ಒಂದೇ, ಊರು ಒಂದೇ; ಸೇವೆಯ ಸೀಮೆಯೇ ಮತದ ಸೀಮೆಯೂ ಆಗಿರಲಿ, ಭೇದಕಲ್ಪನೆಯಲ್ಲಿ ಅನಗತ್ಯ ಭಾರವೆಂಬ ಗೌರವದೋಷವಿದೆ ಎಂದು. ಇದು ಪ್ರತ್ಯಕ್ಷವಿರುದ್ಧ. ಕೋರ ಹೋಬಳಿ ಕಂದಾಯಕ್ಕೆ ತುಮಕೂರು ತಾಲ್ಲೂಕಿನದು, ಅಲ್ಲಿಯ ನಾಡಕಚೇರಿಯ ಮೇಲಿರುವುದು ತುಮಕೂರಿನ ತಹಶೀಲ್ದಾರರ ಕಚೇರಿ. ವಿಧಾನಸಭೆಗೆ ಮಾತ್ರ ಅದೇ ಹೋಬಳಿ, 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯಂತೆ, ಪರಿಶಿಷ್ಟ ಜಾತಿಗೆ ಮೀಸಲಾದ ಕೊರಟಗೆರೆ ಕ್ಷೇತ್ರಕ್ಕೆ ಸೇರಿದೆ. ಅಲ್ಲಿಯವನು 'ನನ್ನದು ತುಮಕೂರು ತಾಲ್ಲೂಕು' ಎಂಬ ಕಂದಾಯಜ್ಞಾನವನ್ನೇ ಅವಲಂಬಿಸಿ ತುಮಕೂರು ಗ್ರಾಮಾಂತರ ಕ್ಷೇತ್ರದಲ್ಲಿ ಹೆಸರು ಹುಡುಕಿದರೆ ಸಿಗುವುದಿಲ್ಲ. ಆಗ ಅವನು ಹೆಸರು ತೆಗೆದುಹಾಕಿದ್ದಾರೆಂದು ತಿಳಿಯುತ್ತಾನೆ. ವಸ್ತುತಃ ಹೆಸರು ಕೊರಟಗೆರೆಯ ಪಟ್ಟಿಯಲ್ಲಿ ಭದ್ರವಾಗಿದೆ. ಅಭಾವದ ಈ ಮಿಥ್ಯಾಜ್ಞಾನ ಸೀಮಾಸಂಕರದಿಂದಲೇ ಹುಟ್ಟಿದ್ದು. ಲೋಕಸಭೆಯ ಮಟ್ಟದಲ್ಲೂ ಇದೇ ಭೇದ. ಗುಬ್ಬಿ, ಕುಣಿಗಲ್ ಎರಡೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಗುಬ್ಬಿ ವಿಧಾನಸಭಾ ಕ್ಷೇತ್ರ ತುಮಕೂರು ಲೋಕಸಭಾ ಕ್ಷೇತ್ರದಲ್ಲಿದ್ದರೆ ಕುಣಿಗಲ್ ಕ್ಷೇತ್ರ ಬೆಂಗಳೂರು ಗ್ರಾಮಾಂತರದಲ್ಲಿದೆ. ಅದೇ ಜಿಲ್ಲೆಯ ಶಿರಾ, ಪಾವಗಡಗಳು ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ.

ಪಟ್ಟಿಯಲ್ಲಿಯೂ ದ್ವೈವಿಧ್ಯವುಂಟು. ಭಾರತ ಚುನಾವಣಾ ಆಯೋಗದ ಜಾಲತಾಣ ತೋರಿಸುವುದು ವಿಧಾನಸಭಾ ಪಟ್ಟಿಯನ್ನು. ಪಂಚಾಯಿತಿ ಚುನಾವಣೆಯ ಪಟ್ಟಿ, ವಿಧಾನಸಭಾ ಪಟ್ಟಿಯನ್ನೇ ಆಧರಿಸಿದ್ದರೂ, ಸಂವಿಧಾನದ 243ಕೆ ಅನುಚ್ಛೇದದ ಪ್ರಕಾರ ರಾಜ್ಯ ಚುನಾವಣಾ ಆಯೋಗದ ಅಧಿಕಾರಕ್ಕೆ ಒಳಪಟ್ಟದ್ದು. ಒಂದರ ಶೋಧನೆಯಿಂದ ಮತ್ತೊಂದರ ನಿಶ್ಚಯವಾಗದು.

ಮತ್ತೊಂದು ಆಕ್ಷೇಪ: ಕೋರದಲ್ಲಿ ಮನೆಯುಂಟು, ಖಾತೆಯುಂಟು, ಕಂದಾಯ ಕಟ್ಟಿದ ರಸೀದಿಯುಂಟು, ಇಷ್ಟಿದ್ದ ಮೇಲೆ ಮತದಾರತ್ವ ಸ್ವತಃಸಿದ್ಧವಲ್ಲವೇ? ಅಲ್ಲ. 1950ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 19ನೆಯ ಪ್ರಕರಣ ಬಯಸುವುದು ಅರ್ಹತಾ ದಿನಾಂಕಕ್ಕೆ 18 ವರ್ಷ ತುಂಬಿರುವುದನ್ನೂ ಆ ಕ್ಷೇತ್ರದ ಸಾಮಾನ್ಯ ನಿವಾಸವನ್ನೂ. ಮನೆಯ ಒಡೆತನ ಅಥವಾ ಸ್ವಾಧೀನ ಮಾತ್ರದಿಂದಲೇ ಸಾಮಾನ್ಯ ನಿವಾಸ ಸಿದ್ಧಿಸದೆಂದು 20ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಹಾಗೆಯೇ ತಾತ್ಕಾಲಿಕ ಗೈರುಹಾಜರಿಯಿಂದ ಅದು ನಾಶವಾಗದೆಂದೂ ಹೇಳುತ್ತದೆ. ಇದರ ಫಲ ಉಭಯಮುಖ. ಬೆಂಗಳೂರಿನಲ್ಲೇ ನೆಲೆಸಿ ಊರಿನಲ್ಲಿ ಬೀಗ ಹಾಕಿದ ಮನೆಯನ್ನಿಟ್ಟುಕೊಂಡವನು ಇ-ಸ್ವತ್ತಿಗೆ ಅಧಿಕಾರಿ, ಕೋರದ ಮತಕ್ಕೆ ಅನಧಿಕಾರಿ. ಕೋರ ಹೋಬಳಿಯ ವಸಂತನರಸಾಪುರದ ಕಾರ್ಖಾನೆಯಲ್ಲಿ ದುಡಿಯುತ್ತ ಪಕ್ಕದ ಹಳ್ಳಿಯ ಬಾಡಿಗೆ ಕೋಣೆಯಲ್ಲಿ ನೆಲೆನಿಂತವನಿಗೆ ಸ್ವತ್ತಿಲ್ಲ, ಖಾತೆಯಿಲ್ಲ. ಆದರೂ ಅವನು ಮತಕ್ಕೆ ಅಧಿಕಾರಿ. ಬಾಡಿಗೆಯವನೆಂಬ ಕಾರಣಕ್ಕೆ ಅವನನ್ನು ಹಿಂದಿರುಗಿಸುವುದು ಶಾಸ್ತ್ರವಿರುದ್ಧ ಮಾತ್ರವಲ್ಲ, ಅನ್ಯಾಯ. ಎರಡೂ ಕಡೆ ಹೆಸರಿರಲೆಂಬ ಸಮುಚ್ಚಯವಾದವನ್ನು 17ನೆಯ ಪ್ರಕರಣ ನಿಷೇಧಿಸಿದೆ.

ಗುರುತಿನ ಚೀಟಿಯಿದ್ದರೆ ಮತದ ಹಕ್ಕು ಉಂಟೆಂಬುದು ಹೆಚ್ಚು ಪ್ರಚಲಿತವಾದ ಪಕ್ಷ. ಅದೂ ನಿಲ್ಲದು. 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 62ನೆಯ ಪ್ರಕರಣದಂತೆ ಪಟ್ಟಿಯಲ್ಲಿ ನಮೂದಾಗದವನಿಗೆ ಮತದಾನದ ಅಧಿಕಾರವಿಲ್ಲ. ಚೀಟಿಯಿದ್ದೂ ನಮೂದಿಲ್ಲದವನಿಗೆ ಮತವಿಲ್ಲ. ನಮೂದಿದ್ದು ಚೀಟಿ ಕಳೆದವನು ಆಯೋಗ ಒಪ್ಪಿದ ಬೇರೆ ದಾಖಲೆಯಿಂದ ಮತ ಹಾಕಬಲ್ಲ. ಅನ್ವಯ, ವ್ಯತಿರೇಕ ಎರಡರಿಂದಲೂ ನಮೂದೇ ಹೇತು. ಚೀಟಿ ಗುರುತಿಗೆ ಮಾತ್ರ. ಜಾಲತಾಣವಾದರೋ ಜ್ಞಾಪಕಹೇತು, ಕಾರಕಹೇತುವಲ್ಲ: ದೀಪವು ಗಡಿಗೆಯನ್ನು ತೋರಿಸುತ್ತದೆ, ಮಾಡುವುದಿಲ್ಲ.

ಹಾಗಾದರೆ ದಾಖಲೆಗಳನ್ನೆಲ್ಲ ಒಂದುಗೂಡಿಸಿದರೆ ಲಾಘವವಲ್ಲವೇ ಎಂಬ ಆಕ್ಷೇಪಕ್ಕೆ ಅರ್ಧ ಸಮ್ಮತಿಯುಂಟು. ಗ್ರಾಮ ಒನ್ ಅಥವಾ ಬಾಪೂಜಿ ಸೇವಾ ಕೇಂದ್ರದಂತೆ ದ್ವಾರ ಒಂದಾದರೆ ಬಾಧಕವಿಲ್ಲ. ಮೂಲ ಒಂದಾಗಕೂಡದು, ಅವುಗಳ ಸ್ವಭಾವ ಪರಸ್ಪರ ವಿರುದ್ಧ. ಮತದಾರರ ಪಟ್ಟಿ ಪರರ ಪರಿಶೀಲನೆಗೆಂದೇ ಪ್ರಕಟವಾಗುವಂಥದು, ಕ್ಷೇತ್ರದ ಯಾವ ಮತದಾರನಾದರೂ ನಮೂನೆ 7ರಲ್ಲಿ ಆಕ್ಷೇಪಿಸಬಹುದು. ಒಬ್ಬ ವಿಧವೆಯ ಪಿಂಚಣಿಯ ಕಡತವನ್ನು ಹಾಗೆ ಬೀದಿಯಲ್ಲಿ ಬಿಚ್ಚಿಡಲಾಗದು. ಪರಿಹಾರಮಾರ್ಗವೂ ಭಿನ್ನ. ಸೇವೆ ತಡವಾದರೆ 2011ರ ಸಕಾಲ ಅಧಿನಿಯಮದಂತೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರಧನವುಂಟು. ಕಳೆದುಹೋದ ಮತಕ್ಕೆ ಅಂಥ ಬೆಲೆಯಿಲ್ಲ. ಅಲ್ಲಿ ರಕ್ಷಣೆ ಪೂರ್ವಭಾವಿ: ನಿವಾಸ ತಪ್ಪಿದೆಯೆಂದು ಹೆಸರನ್ನು ತೆಗೆಯುವ ಮುನ್ನ ಸಂಬಂಧಪಟ್ಟವನ ಅಹವಾಲನ್ನು ಕೇಳಲೇಬೇಕೆಂದು 1950ರ ಅಧಿನಿಯಮದ 22ನೆಯ ಪ್ರಕರಣ ವಿಧಿಸುತ್ತದೆ, ಆದೇಶದ ಮೇಲೆ 24ನೆಯ ಪ್ರಕರಣದಂತೆ ಜಿಲ್ಲಾ ದಂಡಾಧಿಕಾರಿಗೆ, ಅನಂತರ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ.

ಮೊಬೈಲಿಲ್ಲದ ಮುದುಕಿಗೆ ಜಾಲದ ಈ ಮಾಹಿತಿಯಿಂದೇನು ಎಂಬ ಪ್ರಶ್ನೆ ಉಪೇಕ್ಷಣೀಯವಲ್ಲ. ಜಾಲವು ಸಮುಚ್ಚಿತ ಸಾಧನವಾಗಿರುವವರೆಗೆ ಗುಣ, ಏಕಮಾತ್ರ ಸಾಧನವಾದೊಡನೆ ದೋಷ. ಕರಡು ಪಟ್ಟಿಯ ಕಾಗದದ ಪ್ರತಿ, ಮತಗಟ್ಟೆ ಮಟ್ಟದ ಅಧಿಕಾರಿಯ ಮನೆಭೇಟಿ, ಕೈಬರಹದ ನಮೂನೆ ಇವು ನಿತ್ಯಾಂಗಗಳು. ಜಾಲವು ಇವನ್ನು ಬಾಧಿಸಲಾರದು.

ಮತದಾನದ ದಿನವೇ ನೋಡಿಕೊಂಡರಾಯಿತು ಎಂಬ ಪಕ್ಷವೊಂದು ಉಳಿದಿದೆ. ಅದು ಕಾಲಬಾಧಿತ. 1950ರ ಅಧಿನಿಯಮದ 23ನೆಯ ಪ್ರಕರಣದ ಪ್ರಕಾರ ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕದ ನಂತರ ಚುನಾವಣೆ ಮುಗಿಯುವವರೆಗೆ ಪಟ್ಟಿಯಲ್ಲಿ ಸೇರ್ಪಡೆಯೂ ಇಲ್ಲ, ತಿದ್ದುಪಡಿಯೂ ಇಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೆಯ ತಾರೀಖುಗಳು ಈಗ ಅರ್ಹತಾ ದಿನಾಂಕಗಳಾಗಿರುವುದರಿಂದ 18 ವರ್ಷ ತುಂಬಿದವರ ಸೇರ್ಪಡೆಗೆ ವರ್ಷಕ್ಕೆ ನಾಲ್ಕು ಅವಕಾಶಗಳುಂಟು. ಕೋರದವನು ಆಗ ತೆರೆಯಬೇಕಾದದ್ದು ಕೊರಟಗೆರೆ ಕ್ಷೇತ್ರದ ಪಟ್ಟಿಯನ್ನು.