ಹಸ್ತಪ್ರತಿಯೂ ಪರರ ಕಣ್ಣೂ

ಗ್ರಂಥರಚನೆಯು ಒಂದು ತಪಸ್ಸೆಂದು ಹೇಳುವವರು ಬಹಳ. ಬರೆದುದನ್ನು ಇನ್ನೊಬ್ಬರ ಕೈಗಿತ್ತು, ಅವರು ಎತ್ತಿ ತೋರುವ ದೋಷಗಳನ್ನು ಶಾಂತಚಿತ್ತದಿಂದ ಕೇಳುವುದು ಅದಕ್ಕಿಂತ ಕಠಿನವಾದ ತಪಸ್ಸೆಂದು ಅರಿತವರು ವಿರಳ. ಅಚ್ಚಿಗೆ ಕಳುಹುವ ಮುನ್ನ ಹಸ್ತಪ್ರತಿಯನ್ನು ಬಲ್ಲವರಿಗೆ ತೋರಿಸಬೇಕೆ? ತೋರಿಸಿದರೆ ಅವರ ಮಾತಿಗೆ ಎಷ್ಟರಮಟ್ಟಿಗೆ ತಲೆಬಾಗಬೇಕು? ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದು.

ಕೆಲವು ವರ್ಷಗಳ ಹಿಂದೆ ಶಾಲಾ ಉಪಾಧ್ಯಾಯರೊಬ್ಬರು ತಮ್ಮ ಹಸ್ತಪ್ರತಿಯೊಡನೆ ಮಠಕ್ಕೆ ಬಂದರು. “ತಪ್ಪಿದ್ದರೆ ಅಪ್ಪಣೆ ಕೊಡಿಸಬೇಕು ಬುದ್ಧೀ” ಎಂದು ಬಿನ್ನವಿಸಿಕೊಂಡರು. ನಾವು ಮೇಲೆಮೇಲೆ ತಿರುವಿ ನೋಡಿದೆವು. ಕಾಲಗಣನೆಯಲ್ಲಿ ತೊಡಕಿದ್ದುದು, ಒಂದೇ ವಿಚಾರ ಮೂರು ಅಧ್ಯಾಯಗಳಲ್ಲಿ ಮರುಕಳಿಸಿದ್ದುದು ಕಣ್ಣಿಗೆ ಬಿತ್ತು. ಆದರೂ ಅವರ ಮುಖದ ಆಸೆಯನ್ನು ಕಂಡು ಹೇಳಲು ಮನಸ್ಸು ಬಾರದೆ, ಒಂದು ಪುಟದ ಆಶೀರ್ವಚನವನ್ನು ಬರೆದುಕೊಟ್ಟೆವು. ಅವರು ಸಾಲ ಮಾಡಿ ಅಚ್ಚು ಹಾಕಿಸಿದರು. ಬಲ್ಲವರು ಅವೇ ದೋಷಗಳನ್ನು ಎತ್ತಿ ಆಡಿದರು. ಪ್ರತಿಗಳು ಮನೆಯಲ್ಲಿಯೇ ಉಳಿದವು. ಮರಳಿ ಬಂದಾಗ ಅವರು ಆಡಿದ್ದು ಒಂದೇ ಮಾತು: “ಅಂದೇ ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದೆ ಬುದ್ಧೀ.” ನಾವು ದಯೆಯೆಂದು ಬಗೆದದ್ದು ದಯೆಯಾಗಿರಲಿಲ್ಲ, ಅಪ್ರಿಯವನ್ನು ನುಡಿಯುವ ಹೊಣೆಯಿಂದ ನುಣುಚಿಕೊಂಡ ದೌರ್ಬಲ್ಯವಾಗಿತ್ತು.

ಪರರು ತಿದ್ದಿದರೆ ಕೃತಿಯು ನಮ್ಮದಾಗಿ ಉಳಿಯುವುದೆ ಎಂಬುದು ಅನೇಕರ ಶಂಕೆ. ಟಿ. ಎಸ್. ಎಲಿಯಟ್ ಕವಿಯು ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದ ಕರಡನ್ನು ಮಿತ್ರನಾದ ಎಜ್ರಾ ಪೌಂಡನಿಗೆ ಒಪ್ಪಿಸಿದನು. ಪೌಂಡನು ಸುಮಾರು ಅರ್ಧದಷ್ಟನ್ನು ಹೊಡೆದುಹಾಕಿದನು. ನೀರಿನಲ್ಲಿ ಮುಳುಗಿದ ನಾವಿಕನ ಕಿರುಭಾಗವನ್ನು ಎಲಿಯಟ್ಟನೇ ಬಿಡಲು ಯೋಚಿಸಿದಾಗ, ಅದು ಇರಲೇಬೇಕೆಂದು ಉಳಿಸಿದವನೂ ಅವನೇ. ಕಾವ್ಯವು 1922ರಲ್ಲಿ ಪ್ರಕಟವಾಯಿತು. ಕಳೆದುಹೋಯಿತೆಂದು ಭಾವಿಸಿದ್ದ ಆ ಕರಡು 1971ರಲ್ಲಿ ಯಥಾವತ್ತಾಗಿ ಅಚ್ಚಾದಾಗ ತಿದ್ದುಪಡಿಗಳೆಲ್ಲವನ್ನೂ ಲೋಕ ಕಂಡಿತು. ಆದರೂ ಅದು ಪೌಂಡನ ಕಾವ್ಯವೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ತಿದ್ದುವ ಕೈ ಒಂದು, ಒಪ್ಪುವ ಮನಸ್ಸು ಇನ್ನೊಂದು. ಒಪ್ಪಿಗೆಯ ಭಾರವೆಲ್ಲ ಗ್ರಂಥಕರ್ತನದೇ. ತನಗಿಂತ ಮಿಗಿಲಾದ ಕುಶಲಿಯೆಂದು ಪೌಂಡನಿಗೆ ಆ ಕೃತಿಯನ್ನು ಅರ್ಪಿಸಿದುದರಿಂದ ಎಲಿಯಟ್ಟನ ಹಿರಿಮೆ ಕುಂದಲಿಲ್ಲ.

ಹಾಗೆಂದು ಪರಿಶೀಲಕನು ಸರ್ವಜ್ಞನಲ್ಲ. ಪರರ ತಿದ್ದುವಿಕೆಯಿಂದ ಲಾಭ ಪಡೆದ ಇದೇ ಎಲಿಯಟ್ಟನು ಪ್ರಕಾಶನ ಸಂಸ್ಥೆಯ ನಿರ್ದೇಶಕನಾಗಿದ್ದಾಗ, 1944ರಲ್ಲಿ ಜಾರ್ಜ್ ಆರ್ವೆಲ್ಲನ ‘ಆನಿಮಲ್ ಫಾರ್ಮ್’ ಹಸ್ತಪ್ರತಿಯನ್ನು ನಿರಾಕರಿಸಿದನು. ಮರುವರ್ಷ ಬೇರೊಬ್ಬ ಪ್ರಕಾಶಕರಿಂದ ಹೊರಬಂದ ಆ ಕೃತಿ ಲೋಕಪ್ರಸಿದ್ಧವಾಯಿತು. ಆದುದರಿಂದ ತೂಗಬೇಕಾದುದು ಹೇಳಿದವನ ಕೀರ್ತಿಯನ್ನಲ್ಲ, ಅವನು ಕೊಡುವ ಕಾರಣವನ್ನು.

ಹಸ್ತಪ್ರತಿಯನ್ನು ಓದಿ ಅಭಿಪ್ರಾಯ ಹೇಳುವುದನ್ನೇ ವೃತ್ತಿಯಾಗಿಸಿಕೊಂಡವರು ಈಗ ಇದ್ದಾರೆ. ಹಣ ಪಡೆದು ನುಡಿದ ಮಾತು ಶುದ್ಧವಾಗಿರಲಾರದೆಂದು ಕೆಲವರ ಆಕ್ಷೇಪ. ವೈದ್ಯನಿಗೂ ನಾವು ಹಣ ಕೊಡುವುದಿಲ್ಲವೆ? ಕೊಡುವುದು ನಾಡಿ ನೋಡಿದುದಕ್ಕೆ, ರೋಗವಿಲ್ಲವೆಂದು ಹೇಳಿಸಿಕೊಳ್ಳಲಿಕ್ಕಲ್ಲ. ಪ್ರಾಮಾಣಿಕನಾದ ಪರಿಶೀಲಕನು ದೋಷವಿರುವ ಪುಟವನ್ನು ಹೆಸರಿಸುತ್ತಾನೆ, ಕಾರಣ ಕೊಡುತ್ತಾನೆ, ತಿದ್ದುವ ಸ್ವಾತಂತ್ರ್ಯವನ್ನು ಬರೆದವನಿಗೇ ಬಿಡುತ್ತಾನೆ. ಬರಿಯ ಹೊಗಳಿಕೆಯನ್ನು ಮಾರುವವನಿಂದ ದೂರವಿರುವುದೇ ಲೇಸು. ಆದರೆ ಹೊಗಳಿಕೆಯನ್ನು ಕೊಳ್ಳುವವರಿರುವುದರಿಂದಲೇ ಮಾರುವವರಿದ್ದಾರೆಂಬುದನ್ನೂ ಮರೆಯಬಾರದು.

ಆ ಉಪಾಧ್ಯಾಯರ ಮಾತು ಕಿವಿಗೆ ಬಿದ್ದಂದಿನಿಂದ ನಾವು ಆದ್ಯಂತ ಓದದೆ ಆಶೀರ್ವಚನ ಬರೆಯುವುದನ್ನು ಬಿಟ್ಟಿದ್ದೇವೆ. ಕಂಡ ದೋಷಗಳನ್ನು ಮೊದಲು ಬೇರೆ ಹಾಳೆಯಲ್ಲಿ ಬರೆದು ಕೊಡುತ್ತೇವೆ. ಕೆಲವರು ನೊಂದು ಹಿಂದಿರುಗಿ ನೋಡದೆ ಹೋಗಿದ್ದಾರೆ. ಕೆಲವರು ತಿದ್ದಿದ ಪ್ರತಿಯೊಡನೆ ಮತ್ತೆ ಬಂದಿದ್ದಾರೆ. ಹೊಗಳಿಕೆಗಾಗಿ ಬಂದವರು ಯಾರು, ಗ್ರಂಥಕ್ಕಾಗಿ ಬಂದವರು ಯಾರು ಎಂಬುದು ಅಲ್ಲಿಯೇ ತಿಳಿಯುತ್ತದೆ. ಗ್ರಂಥವು ಓದುಗನಿಗಾಗಿ ಇರುವುದಾದರೆ, ಅವನ ಪರವಾಗಿ ಮೊದಲು ಓದಿ ಎಚ್ಚರಿಸುವವನು ಬರೆದವನ ವೈರಿಯಲ್ಲ, ಬಂಧು.