ಹೇಳದೆ ಉಳಿಸಿಕೊಂಡ ಬೆಲೆ

ಸಾಗರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಮಾವನವರ ಯೆಜ್ಡಿ ಮೋಟಾರು ಸೈಕಲ್ಲು ಗೋಣಿತಾಟು ಹೊದ್ದು ವರ್ಷಗಟ್ಟಲೆ ನಿಂತಿತ್ತು. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರೇ ಗೇರಿಗೂ ಆಗುವ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಾದ ಗಾಡಿ. ಅದನ್ನು ಮತ್ತೆ ಓಡಿಸಬೇಕೆಂದು ಮಗ ಹಠ ಹಿಡಿದ.

ಅದು ಹುಟ್ಟಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದವಾದರೂ ಅವುಗಳ ಎಂಜಿನ್ನೇ ಬೇರೆ. ಅವುಗಳ ಭಾಗ ಇದಕ್ಕೆ ಕೂಡುವುದಿಲ್ಲ. ಹೀಗಾಗಿ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಮೊಬೈಲಿನಲ್ಲಿ ಹಳೆಯ ಸಾಮಾನಿನ ಜಾಹೀರಾತು ನೋಡುವುದು ನನಗೂ ಅಭ್ಯಾಸವಾಯಿತು.

ಒಂದು ದಿನ ತೀರ್ಥಹಳ್ಳಿಯದೊಂದು ಕಂಡಿತು: ಹಳೆಯ ಬೈಕಿನ ಸಾಮಾನು, ಒಂದು ಚೀಲ, 800 ರೂಪಾಯಿ. ಚಿತ್ರ ನೋಡಿದ ನಮ್ಮ ಮೆಕ್ಯಾನಿಕ್, "ಅಕ್ಕಾ, ಬೇಗ ಹೋಗಿ. ಕಾರ್ಬುರೇಟರು, ಸ್ಪೀಡೋಮೀಟರು ಎರಡೂ ಒರಿಜಿನಲ್ಲು. ನಾಲ್ಕು ಸಾವಿರಕ್ಕೂ ಸಿಗಲ್ಲ" ಎಂದ.

ಮರುದಿನವೇ ಮಗನೊಂದಿಗೆ ಹೊಸನಗರದ ಮೇಲೆ ಹೋದೆ. ಮಾರುತ್ತಿದ್ದವರು ನನಗಿಂತ ಹಿರಿಯ ಹೆಂಗಸು. ಜಾಹೀರಾತು ಹಾಕಿದ್ದು ಪಕ್ಕದ ಮನೆಯ ಹುಡುಗ. "ಇವರು ಹೋದ ಮೇಲೆ ಗಾಡಿ ಗುಜರಿಗೆ ಕೊಟ್ಟೆ. ಈ ಚೀಲ ಅಟ್ಟದ ಮೇಲೆ ಉಳಿದಿತ್ತು" ಎನ್ನುತ್ತಾ ಕಾಫಿ ಕೊಟ್ಟರು. ನಾನು 800 ರೂಪಾಯಿ ಎಣಿಸಿ ಕೊಟ್ಟೆ. ಸುಳ್ಳು ಹೇಳಲಿಲ್ಲ, ಚೌಕಾಸಿಯನ್ನೂ ಮಾಡಲಿಲ್ಲ. ಸುಮ್ಮನಿದ್ದೆ, ಅಷ್ಟೆ.

ವಾಪಸು ಬರುವಾಗ ಅಮ್ಮ ನೆನಪಾದಳು. ಹಿಂದೊಮ್ಮೆ ಪಾತ್ರೆ ಮಾರುವವನೊಬ್ಬ ಬಾಗಿಲಿಗೆ ಬಂದು, ಅಜ್ಜಿಯ ತಾಮ್ರದ ಹಂಡೆ ತೆಗೆದುಕೊಂಡು ನಾಲ್ಕು ಸ್ಟೀಲ್ ಡಬ್ಬಿ ಕೊಟ್ಟು ಹೋಗಿದ್ದ. ತಾಮ್ರದ ಬೆಲೆ ತಿಳಿದ ದಿನ ಅಮ್ಮ, "ಅವನಿಗೆ ಗೊತ್ತಿತ್ತು, ಹೇಳಲಿಲ್ಲ" ಎಂದಿದ್ದಳು. ನಿಮ್ಮ ಮನೆಯಲ್ಲೂ ಇಂಥದೊಂದು ಹಂಡೆಯ ಕಥೆ ಇದ್ದೀತು. ನಾವು ಅವನನ್ನು ಮೋಸಗಾರನೆಂದೇ ಬೈದೆವು. ಈಗ ಅವನ ಜಾಗದಲ್ಲಿ ನಾನಿದ್ದೆ.

ಹುಡುಕಿದ ಶ್ರಮ ನನ್ನದಲ್ಲವೆ, ಕೇಳಿದ ಬೆಲೆ ಕೊಟ್ಟಿಲ್ಲವೆ ಎಂದು ಮನಸ್ಸು ವಾದಿಸಿತು. ಈ ವಾದ ಹೊಸದೇನಲ್ಲ. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಸ್ಕೇವೊಲಾ ಎಂಬವನ ಪ್ರಸಂಗವಿದೆ. ಜಮೀನು ಕೊಳ್ಳಹೋದ ಅವನು, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನೇ ಒಂದು ಲಕ್ಷ ನಾಣ್ಯ ಹೆಚ್ಚಿಗೆ ಕೊಟ್ಟನಂತೆ. ಅವನು ಒಳ್ಳೆಯವನೆಂದು ಎಲ್ಲರೂ ಒಪ್ಪಿದರು, ಜಾಣನೆಂದು ಮಾತ್ರ ಒಪ್ಪಲಿಲ್ಲ ಎನ್ನುತ್ತಾನೆ ಸಿಸೆರೋ.

ಅಂಗಡಿ ಇಟ್ಟವರೊಡನೆ ನಾನು ಸ್ಕೇವೊಲಾ ಆಗಬೇಕಿಲ್ಲ. ಅವರಿಗೆ ಅವರ ಸಾಮಾನಿನ ಬೆಲೆ ಗೊತ್ತು. ಆದರೆ ಈಕೆ ವ್ಯಾಪಾರಕ್ಕೆ ಕೂತವರಲ್ಲ. ಅವರಿಗೆ ಗೊತ್ತಿಲ್ಲವೆಂಬುದು ನನಗೆ ಗೊತ್ತಿತ್ತು. ನನಗೆ ಸಿಕ್ಕಿದ ಅಗ್ಗವೆಲ್ಲ ಅದರಿಂದಲೇ ಬಂದದ್ದು.

ಹೊಸನಗರದಲ್ಲಿ ಕಾರು ನಿಲ್ಲಿಸಿ ಫೋನು ಮಾಡಿ ವಿಷಯ ತಿಳಿಸಿದೆ. ಸ್ವಲ್ಪ ಹೊತ್ತು ಆಚೆಯಿಂದ ಮಾತಿಲ್ಲ. ಆಮೇಲೆ, "ಇಲ್ಲಿ ಕೂತು ಕಾಫಿ ಕುಡಿಯುವಾಗಲೂ ನಿಮಗೆ ಗೊತ್ತಿತ್ತಲ್ಲ?" ಎಂದರು. ಹೌದೆಂದೆ. ಪಕ್ಕದ ಮನೆಯ ಹುಡುಗನ ನಂಬರಿಗೆ ಇನ್ನೂ ಮೂರು ಸಾವಿರ ಕಳಿಸಿದೆ. ಅವರು ಬೇಡವೆನ್ನಲಿಲ್ಲ, ಉಪಕಾರವಾಯಿತು ಎನ್ನಲೂ ಇಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಗಾಡಿ ಈಗ ಓಡುತ್ತಿದೆ. ದುಡ್ಡಿನ ಲೆಕ್ಕವೂ ಸರಿಹೋಯಿತು. ಆದರೆ ಅವರ ಜಗಲಿಯಲ್ಲಿ ಹೇಳಬೇಕಾದ ಮಾತನ್ನು ಇನ್ನೊಂದು ಊರಿಗೆ ಬಂದು ಹೇಳಿದೆನಲ್ಲ, ಆ ಲೆಕ್ಕ ಹಾಗೆಯೇ ಉಳಿದಿದೆ.