ಬಿಡುವುದಿದ್ದರೆ ಹಿಡಿಯುವುದೇಕೆ?

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಗಡಿಭಾಗದ ಕನ್ನಡ ಶಾಲೆಯೊಂದರಲ್ಲಿ ನಾವು ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದೆವು. ಕಾವೇರಿ ತೀರದ ಭೀಮೇಶ್ವರಿಯನ್ನು ಕುರಿತು ವಾರಪತ್ರಿಕೆಯೊಂದರಲ್ಲಿ ಬಂದಿದ್ದ ಚಿತ್ರಲೇಖನವನ್ನು ಅಂದು ಮಕ್ಕಳಿಗೆ ಓದಿ ತೋರಿಸಿದೆವು. ಇಬ್ಬರು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಶಾಲೆಯ ಹುಡುಗನಷ್ಟು ತೂಕದ ಮೀನೊಂದನ್ನು ತೋಳುಗಳಲ್ಲಿ ಹಿಡಿದಿದ್ದರು. ಚಿತ್ರ ತೆಗೆದ ಮೇಲೆ ಅದನ್ನು ಪುನಃ ಹೊಳೆಗೇ ಬಿಟ್ಟರೆಂದು ಕೆಳಗೆ ಬರೆದಿತ್ತು. ಬಲೆ ಬೀಸಿ ಬದುಕುವ ಮನೆತನದ ಹುಡುಗನೊಬ್ಬ ಹಿಂದಿನ ಸಾಲಿನಲ್ಲಿ ಎದ್ದು ನಿಂತು, “ಗುರುಗಳ, ಬಿಡೂದಿದ್ದರ ಹಿಡಿಯೂದು ಯಾಕ್ರಿ?” ಎಂದು ಕೇಳಿದ. ತರಗತಿ ನಕ್ಕಿತು. ನಾವೂ ನಕ್ಕು ಮುಂದಿನ ಪಾಠಕ್ಕೆ ಹೋದೆವು.

ಆ ಪ್ರಶ್ನೆ ನಗತಕ್ಕದ್ದಾಗಿರಲಿಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು.

ಆ ಮೀನು ಮಹಶೀರ್. ಕಾವೇರಿ ತೀರದ ಜನ ಅದನ್ನು ಬಿಳಿಮೀನು ಎನ್ನುತ್ತಾರೆ. ಸಿಹಿನೀರಿನ ಮೀನುಗಳಲ್ಲಿ ಇದರ ಬಲಕ್ಕೆ ಸಾಟಿ ಕಡಿಮೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಶಿವನಸಮುದ್ರದಿಂದ ಮೇಕೆದಾಟಿನವರೆಗೆ ಕಾಡಿನ ನಡುವೆ ಹರಿಯುವ ಕಾವೇರಿ ಈ ಮೀನಿನ ದೊಡ್ಡ ಆಸರೆಯಾಗಿತ್ತು. 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ಅಲ್ಲಿಯ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾಯತೊಡಗಿತು. ಮುಂದೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ತೆರೆಯಿತು. ವಿದೇಶಗಳಿಂದಲೂ ಹವ್ಯಾಸಿಗಳು ಬಂದು, ಹರಿಗೋಲಿನಲ್ಲಿ ಕುಳಿತು, ಗಾಳಕ್ಕೆ ರಾಗಿಹಿಟ್ಟಿನ ಉಂಡೆ ಸಿಕ್ಕಿಸಿ ದಿನಗಟ್ಟಲೆ ಕಾಯುತ್ತಿದ್ದರು. ಸಿಕ್ಕ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಜೀವಂತವಾಗಿ ಬಿಡಬೇಕು. ಅದೇ ಅಲ್ಲಿಯ ನಿಯಮ.

ಇದು ದಯೆಯೋ, ಹಿಂಸೆಯೋ?

ಮೀನು ಹಿಡಿಯುವುದನ್ನು ವಿನೋದವೆಂದು ಎಣಿಸಿದವರಲ್ಲಿ ಪರದೇಶದವರೇ ಮೊದಲಿಗರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮೀನುಗಳ ಜಾತಿ, ಅವುಗಳಿಗೆ ಹಾಕುವ ಆಹಾರ, ಗಾಳದ ಕೋಲು ಮತ್ತು ದಾರ, ಎಲ್ಲವನ್ನೂ ಅಲ್ಲಿ ವಿವರಿಸಲಾಗಿದೆ. ಆದರೆ ಹಳೆಯದೆಂಬ ಮಾತ್ರಕ್ಕೆ ಯಾವುದೂ ಧರ್ಮವಾಗುವುದಿಲ್ಲ. ಮೀನಿಗೆ ನೋವಿಲ್ಲವೆಂದು ಜನ ಬಹುಕಾಲ ನಂಬಿದ್ದರು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನ ಮುಖದಲ್ಲಿ ನೋವಿನ ಪ್ರಚೋದನೆಗೆ ಮಿಡಿಯುವ ನರಗಳಿರುವುದನ್ನು ತೋರಿಸಿದರು. ಸ್ವಿಟ್ಜರ್ಲೆಂಡಿನ ಪ್ರಾಣಿರಕ್ಷಣಾ ನಿಯಮವಂತೂ, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯಲು ಹೋಗುವುದನ್ನು ನಿಷೇಧಿಸುತ್ತದೆ. ತಿನ್ನುವುದಕ್ಕಾದರೆ ಹಿಡಿ, ಆಟಕ್ಕಾಗಿ ನೋಯಿಸಬೇಡ ಎಂಬುದು ಅದರ ತಾತ್ಪರ್ಯ. ನಮ್ಮ ಹುಡುಗನ ಪ್ರಶ್ನೆಯೂ ಅದೇ ಆಗಿತ್ತು.

ಮತ್ತೊಂದು ಪಕ್ಷದ ಮಾತನ್ನೂ ಕೇಳಬೇಕು. ಕಾವೇರಿಯಲ್ಲಿ ತೋಟೆ ಸಿಡಿಸಿ ಮೀನು ಹಿಡಿಯುವವರಿದ್ದರು. ಒಂದು ತೋಟೆಗೆ ಮಡುವಿನ ದೊಡ್ಡದು ಚಿಕ್ಕದು ಎನ್ನದೆ ಎಲ್ಲವೂ ಸಾಯುತ್ತದೆ. ಗಾಳದ ಹವ್ಯಾಸಿಗಳು ಬಂದ ಮೇಲೆ, ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅವರಿಗೇ ದಾರಿ ತೋರುವ ಸಂಬಳದಾಳುಗಳಾದರು, ಹೊಳೆಯ ಕಾವಲುಗಾರರಾದರು. ಸತ್ತ ಮೀನಿಗಿಂತ ಬದುಕಿದ ಮೀನಿಗೆ ಬೆಲೆ ಹೆಚ್ಚಾಯಿತು. ಒಂದು ಮೀನಿನ ತುಟಿಯ ಗಾಯದಿಂದ ಸಾವಿರ ಮೀನುಗಳ ಪ್ರಾಣ ಉಳಿಯುವುದಾದರೆ ಅದನ್ನು ಬರಿಯ ಹಿಂಸೆ ಎನ್ನಲು ನಾಲಗೆ ಏಳುವುದಿಲ್ಲ.

ಹಾಗಿದ್ದರೂ ಒಂದು ಮುಳ್ಳು ಉಳಿಯುತ್ತದೆ. ಹಣ ತೆತ್ತು ಬಂದವನ ಗಾಳ ಕ್ರೀಡೆ. ದಂಡೆಯ ಹಳ್ಳಿಯವನು ಹೊಟ್ಟೆಗಾಗಿ ಬೀಸಿದ ಬಲೆ ಅಪರಾಧ. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಹಕ್ಕು ಹೊಲಮನೆಗಳಂತೆ ಮಾರಾಟಕ್ಕೂ ವಾರಸಿಕೆಗೂ ಒಳಪಟ್ಟ ಖಾಸಗಿ ಸ್ವತ್ತು. ದಂಡೆಯ ಮೇಲೆ ಯಾರಾದರೂ ನಡೆಯಬಹುದು, ಗಾಳ ಹಾಕುವ ಭಾಗ್ಯ ಒಡೆಯನಿಗೆ ಮತ್ತು ಅವನಿಗೆ ಹಣ ಕೊಟ್ಟವನಿಗೆ ಮಾತ್ರ. ನಮ್ಮಲ್ಲಿ ಹೊಳೆಗೆ ಹಾಗೆ ಒಡೆಯನಿಲ್ಲವಾದರೂ ಗುತ್ತಿಗೆಯೂ ಗೇಟೂ ಬಂದಲ್ಲಿ ಪರಿಣಾಮ ಬಹಳ ಬೇರೆಯಾಗಲಿಲ್ಲ.

ಕೊನೆಗೆ ಬಾಗಿಲು ಎಲ್ಲರಿಗೂ ಮುಚ್ಚಿತು. 1987ರಲ್ಲಿ ಆ ಪ್ರದೇಶ ಕಾವೇರಿ ವನ್ಯಜೀವಿ ಅಭಯಾರಣ್ಯವಾಗಿತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಹೌದು. ಈ ನ್ಯಾಯದಿಂದ 2010ರ ಆಸುಪಾಸಿನ ವರ್ಷಗಳಲ್ಲಿ ಅಭಯಾರಣ್ಯದೊಳಗೆ ಗಾಳದ ವಿನೋದ ನಿಂತಿತು. ಕಾನೂನಿನ ಮಾತು ನೇರವಾಗಿದೆ, ನಾವು ಅದನ್ನು ಹಳಿಯುವುದಿಲ್ಲ. ಆದರೆ ಗಾಳ ಹೋದಾಗ ಅದರ ಜೊತೆಗೆ ಹೊಳೆಯನ್ನು ದಿನವೂ ನೋಡುತ್ತಿದ್ದ ಕಣ್ಣುಗಳೂ ಹೋದವು, ಬರೆಯುವ ಪುಸ್ತಕವೂ ಮುಚ್ಚಿತು.

ಆ ಪುಸ್ತಕದ ಬೆಲೆ ಆಮೇಲೆ ಗೊತ್ತಾಯಿತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದಾಗ ಎರಡು ಸಂಗತಿಗಳು ಹೊರಬಿದ್ದವು. ಒಟ್ಟು ಮಹಶೀರ್‌ಗಳು ಹೆಚ್ಚಿದ್ದವು, ಆದರೆ ಕಾವೇರಿಯದೇ ಆದ ಡುಬ್ಬದ ಮಹಶೀರ್ ಕ್ಷೀಣಿಸುತ್ತ ಬಂದಿತ್ತು. ಅದರ ಜಾಗದಲ್ಲಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಇದು ನಮ್ಮ ಕೃಷ್ಣಾ ಕೊಳ್ಳದ ಮೀನು. 1839ರಲ್ಲಿ ಸೈಕ್ಸ್ ಎಂಬವನು ಪುಣೆಯ ಮುಳಾ-ಮುಠಾ ಹೊಳೆಯ ಮೀನನ್ನು ನೋಡಿ ಶಾಸ್ತ್ರಕ್ಕೆ ಸೇರಿಸಿದ್ದ. ಲೋಣಾವಳೆಯ ಮರಿಕೇಂದ್ರದಲ್ಲಿ ಬೆಳೆಸಿದ ಇದರ ಮರಿಗಳನ್ನು ಕಾವೇರಿಯ ಸಂಪತ್ತು ಹೆಚ್ಚಲೆಂದು, ಒಳ್ಳೆಯ ಮನಸ್ಸಿನಿಂದಲೇ, ಅಲ್ಲಿ ಬಿಡಲಾಗಿತ್ತು. ಅಣೆಕಟ್ಟು, ತೋಟೆ, ಕೊಳೆ ಮೊದಲಾದ ಪೆಟ್ಟುಗಳ ಜೊತೆಗೆ ಈ ಉಪಕಾರವೂ ಮನೆಯ ಮೀನಿಗೆ ಮುಳುವಾಯಿತೆಂದು ಶೋಧಕರು ಭಾವಿಸುತ್ತಾರೆ. ಡುಬ್ಬದ ಮಹಶೀರ್‌ಗೆ ಶಾಸ್ತ್ರೀಯ ಹೆಸರು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣದ ದಿನವೇ ಮೂಗಿನ ಮುಂದೆ ಹತ್ತಿ ಹಿಡಿದು ನೋಡಿದಂತಾಯಿತು. ಒಳ್ಳೆಯ ಮನಸ್ಸು ಸಾಲದು, ಲೆಕ್ಕವೂ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠವನ್ನು ನಾವು ಕಂಡಿಲ್ಲ.

ಗಾಳವಿಲ್ಲದ ಪ್ರೀತಿಯ ದಾರಿಯೂ ಒಂದುಂಟು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರ ದೇವಾಲಯದ ಮುಂದೆ ಹರಿಯುವ ಕಪಿಲಾ ಹೊಳೆಯ ಮಹಶೀರ್‌ಗಳು ದೇವರ ಮೀನುಗಳು. ಅಲ್ಲಿ ಟಿಕೆಟ್ಟಿಲ್ಲ, ಗುತ್ತಿಗೆಯಿಲ್ಲ. ಬಡವನೂ ಬಲ್ಲಿದನೂ ಒಂದೇ ಮೆಟ್ಟಿಲ ಮೇಲೆ ನಿಂತು ಅಕ್ಕಿ ಮಂಡಕ್ಕಿ ಹಾಕುತ್ತಾರೆ. ಅಂಥ ಸ್ಥಳದಲ್ಲೂ 1996ರಲ್ಲಿ ದುಷ್ಟರು ನೀರಿಗೆ ವಿಷ ಬೆರೆಸಿದರು, ಮೀನುಗಳು ರಾಶಿರಾಶಿಯಾಗಿ ಸತ್ತವು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು, ಮೀನುಗಳನ್ನು ಮತ್ತೆ ಕಾದು ಬೆಳೆಸಿದರು. ಭಕ್ತಿಯೂ ತಾನೇ ತಾನಾಗಿ ಕಾಯುವುದಿಲ್ಲ, ಭಕ್ತನು ಎದ್ದು ಕಾಯಬೇಕು.

ಇಷ್ಟು ದೂರ ಹೋಗಿ ಬಂದು ನಮ್ಮ ಮನೆಯ ಹಿತ್ತಲನ್ನು ನೋಡೋಣ. ನಮ್ಮ ಪಂಚಗಂಗೆಗೆ ಗೇಟಿಲ್ಲ, ಶುಲ್ಕವಿಲ್ಲ, ಹೋಗಬೇಡಿ ಎನ್ನುವ ಕಾವಲುಗಾರನಿಲ್ಲ. ಆದರೂ ಹಾತಕಣಂಗಲೆ, ಇಚಲಕರಂಜಿಗಳ ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳು ಆ ನೀರಿಗೆ ಕಾಲಿಟ್ಟಿದ್ದಾರೆ? ಊರಿನ ಕೊಳಚೆಯೂ ಕಾರ್ಖಾನೆಗಳ ನೀರೂ ಸೇರಿ, ಬೇಸಿಗೆಯಲ್ಲಿ ಬಂಧಾರದ ಹಿಂದೆ ಸತ್ತ ಮೀನುಗಳು ತೇಲಿದಾಗ ಪತ್ರಿಕೆಯಲ್ಲಿ ಓದಿ ಪುಟ ಮಗುಚುತ್ತೇವೆ. ಅದೇ ನೀರು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಬೆಳಗಾವಿ ಜಿಲ್ಲೆಯ ನಮ್ಮ ಬಂಧುಗಳ ಊರುಗಳಿಗೆ ಹೋಗುತ್ತದೆ. ಗಾಳ ಹಾಕುವವನ ಹಿಂಸೆಯನ್ನು ತೂಗಲು ಕುಳಿತ ನಾವು ಒಂದು ಮೀನನ್ನೂ ಮುಟ್ಟಿದವರಲ್ಲ. ಸತ್ತ ಮೀನುಗಳ ಲೆಕ್ಕದಲ್ಲಿ ಮಾತ್ರ ನಮಗೂ ಪಾಲಿದೆ.

ಆದುದರಿಂದ ನಮ್ಮ ನಿರ್ಣಯ ಇಷ್ಟು. ವಿನೋದಕ್ಕಾಗಿ ಜೀವಿಯನ್ನು ನೋಯಿಸುವುದನ್ನು ನಾವು ಒಪ್ಪಲಾರೆವು. ಆದರೆ ಹೊಳೆಯ ಬಳಿಗೇ ಹೋಗದವನ ಅಹಿಂಸೆ ಅದಕ್ಕಿಂತ ಮೇಲಿನದೆಂದೂ ಹೇಳಲಾರೆವು. ಹೊಳೆಗೆ ಹೋಗುವ ಹಕ್ಕು ಹಣದಿಂದ ಬರಬಾರದು, ಬರಿಯ ಹುಟ್ಟಿನಿಂದಲೂ ಅಲ್ಲ. ಅದನ್ನು ಕಾಯುವ ಹೊಣೆಯನ್ನು ಯಾರು ಹೊರುತ್ತಾರೋ ಅವರಿಗೆ ಅದು ಸಲ್ಲಬೇಕು. ಹಾಗೆ ನೋಡಿದರೆ, ಮೀನು ಕಡಿಮೆಯಾದದ್ದನ್ನು ಮೊದಲು ಬಲ್ಲ ಬಲೆಯವನ ಮನೆಗೆ ಆ ಹಕ್ಕಿನಲ್ಲಿ ಮೊದಲ ಪಾಲು.

ಆ ಹುಡುಗ ಈಗ ಎಲ್ಲಿದ್ದಾನೋ ನಮಗೆ ತಿಳಿಯದು. ಬಲೆಯಂತೂ ಅವನ ಕೈಯಲ್ಲಿ ಉಳಿದಿರಲಾರದು. ಈಗ ಎದುರಾಗಿ ಅದೇ ಪ್ರಶ್ನೆ ಕೇಳಿದರೆ ನಾವು ನಗುವುದಿಲ್ಲ. “ಹಿಡಿಯಬೇಕಾದ್ದು ಮೀನನ್ನಲ್ಲಪ್ಪ, ಹೊಳೆಯ ಲೆಕ್ಕವನ್ನು. ನಾವು ಅದನ್ನೇ ಬಿಟ್ಟೆವು” ಎನ್ನುತ್ತೇವೆ. ಈ ಸಮ್ಮೇಳನಕ್ಕೆ ಬಂದ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ: ಬರುವ ರವಿವಾರ ಮಕ್ಕಳ ಕೈ ಹಿಡಿದು ಪಂಚಗಂಗೆಯ ದಂಡೆಗೆ ಹೋಗಿರಿ. ನೀರಿನ ಬಣ್ಣ, ವಾಸನೆ, ಕಂಡ ಮೀನು, ಕಾಣದ ಮೀನು, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿಸಿರಿ. ಮುಂದಿನ ವರ್ಷ ಅದನ್ನು ಇಲ್ಲಿಗೆ ತನ್ನಿರಿ, ಕೂಡಿ ಓದೋಣ.